ಹಿಂಬದಿ ಜಗಲಿಯ ಅಮ್ಮಣಿ

ಎಷ್ಟು ಉಜ್ಜಿದರೂ ಹೆಬ್ಬೆರಳಿನ ಶಾಯಿ ಹೋಗಲಿಲ್ಲ. ಕುಶಲಾ ತೆಂಗಿನ ನಾರಿಗೆ ಸೀಗೆಪುಡಿ ಹಾಕಿ ಉಜ್ಜಿದಳು, ಬೂದಿ ಹಾಕಿ ಉಜ್ಜಿದಳು, ಕೊನೆಗೆ ಸೆರಗಿನ ತುದಿ ಒದ್ದೆ ಮಾಡಿ ಉಗುರಿನ ಸಂದಿಗೆ ತುರುಕಿದಳು. ತಾಯಿಯ ಕೈ ಅವಳ ಮಡಿಲಲ್ಲಿ ತಣ್ಣಗೆ, ಏನೂ ಆಕ್ಷೇಪಣೆ ಇಲ್ಲದೆ ಬಿದ್ದುಕೊಂಡಿತ್ತು. ಬದುಕಿದ್ದಾಗ ಆ ಕೈ ಇಷ್ಟು ಹೊತ್ತು ಯಾರ ಮಡಿಲಲ್ಲೂ ಸುಮ್ಮನೆ ಇದ್ದದ್ದಿಲ್ಲ.

"ಬಿಡು ಮಗಾ," ಎಂದಳು ತಲೆಯ ಕಡೆ ನೀರು ಹೊಯ್ಯುತ್ತಿದ್ದ ಮುದ್ದು. "ಅದು ಚರ್ಮದ ಒಳಗೆ ಹೋಗಿ ಆಗಿದೆ. ಊರಿಡೀ ಹೆಂಗಸರ ಹೆಬ್ಬೆರಳು ಹಿಡಿದು ಒತ್ತಿಸಿದವಳಲ್ಲವಾ? ಇರಲಿ. ಮೇಲೆ ಹೋದಾಗ ಯಮ ಕೇಳಿದರೆ ತೋರಿಸ್ತಾಳೆ, ನಾನು ಬ್ಯಾಂಕಿನವಳು ಅಂತ."

ತಡಿಕೆಯ ಆಚೆ ನಿಂತಿದ್ದ ಹೆಂಗಸರು ಅಳುತ್ತಿದ್ದವರು ನಕ್ಕುಬಿಟ್ಟರು. ಮುದ್ದು ದೋಣಿಗಳು ನಿಲ್ಲುವ ಧಕ್ಕೆಯಲ್ಲಿ ಬೂತಾಯಿ ಮೀನು ಮಾರುವವಳು, ಅಮ್ಮಣಿಯ ಹಳೆಯ ಜೊತೆಗಾತಿ. ಸಾವಿನ ಮನೆಗೆ ಬಂದರೂ ಅವಳ ನಾಲಿಗೆ ಸುಮ್ಮನೆ ಕೂರುವ ಜಾತಿಯದ್ದಲ್ಲ.

ಅಮ್ಮಣಿ ಶುಕ್ರವಾರ ರಾತ್ರಿ ಗಂಜಿ ಉಂಡು ಮಲಗಿದವಳು ಶನಿವಾರ ಏಳಲಿಲ್ಲ. ಅರುವತ್ತರ ಆಸುಪಾಸು. ಅರ್ಧ ಆಯುಸ್ಸು ಒಣಮೀನಿನ ಬುಟ್ಟಿ ಹೊತ್ತು ಮಾರಿದವಳು, ಆಮೇಲಿನ ಹದಿನೈದು ವರ್ಷ ಬಂದರು ರಸ್ತೆಯ ಪಡುಕರೆ ಬ್ಯಾಂಕಿನ ಹಿಂಬದಿ ಜಗಲಿಯಲ್ಲಿ ಒಂದು ಮಣೆಯ ಮೇಲೆ ಕೂತವಳು. ಸಂಜೆ ನಾಲ್ಕರಿಂದ ದೀಪ ಹಚ್ಚುವವರೆಗೆ ಅಲ್ಲಿಗೆ ಬರುವ ಹೆಂಗಸರ ದುಡ್ಡು ಅವಳ ಕೈಯಿಂದಲೇ ಒಳಗಿನ ಗುಮಾಸ್ತನ ಕೈಗೆ ಹೋಗಬೇಕು. ಓದು ಬರಹ ಇಲ್ಲ. ಕುಶಲಾ ಕಾನ್ವೆಂಟಿನಲ್ಲಿ ಐದನೇ ಕ್ಲಾಸು ಮುಗಿಸಿದ ಮೇಲೆ ಪಕ್ಕದಲ್ಲಿ ಕೂತು ಚೀಟಿ ಬರೆದುಕೊಡುತ್ತಿದ್ದಳು.

ಬೊಕ್ಕಪಟ್ಣದ ಆ ಸಣ್ಣ ಅಂಗಳದಲ್ಲಿ ಹೊತ್ತೇರುವಾಗ ಜನ ತುಂಬಿದರು. ಅಮ್ಮಣಿಯ ತಮ್ಮ ನೋಣಯ್ಯ ಚಟ್ಟಕ್ಕೆ ಬಿದಿರು ಕಡಿಯುತ್ತಿದ್ದ. ಮಾವಿನ ಬುಡದ ಬೆಂಚಿನಲ್ಲಿ ಯೂಸುಫ್ ಬ್ಯಾರಿ ಕೊಡೆ ಊರಿ ಕೂತಿದ್ದರು. ಬಂದರಿನಲ್ಲಿ ಹಗ್ಗ, ಹಾಯಿಬಟ್ಟೆಯ ಅಂಗಡಿ ಅವರದ್ದು. ಆಗ ಪಡುಕರೆ ಬ್ಯಾಂಕಿನ ಏಜೆಂಟ್ ರಾಧಾಕೃಷ್ಣ ರಾಯರು ಬಂದರು, ಕರಿಕೋಟು, ಮೇಲೆ ಜರಿಯ ಶಾಲು. ಹಿಂದೆ ಬೈಸಿಕಲ್ ದೂಡಿಕೊಂಡು ಗುಮಾಸ್ತ ವಿಲ್ಲಿ, ಕ್ರಿಶ್ಚಿಯನ್ನನಾದ್ದರಿಂದ ಹೆಂಗಸರ ಬಾಯಲ್ಲಿ 'ಪೊರ್ಬುಗಳು'. ಬಿಕರ್ನಕಟ್ಟೆಯಿಂದ ತುಳಿದುಕೊಂಡು ಬಂದು ಅವನ ಅಂಗಿ ಬೆನ್ನಿಗೆ ಅಂಟಿತ್ತು.

ರಾಯರು ಅಂಗಳದ ತುದಿಯಲ್ಲಿ ಚಪ್ಪಲಿ ಬಿಟ್ಟರು. ಮೆಟ್ಟಿಲ ತನಕ ಬರಲಿಲ್ಲ. ಗಂಟಲು ಸರಿ ಮಾಡಿಕೊಂಡು ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ನೋಣಯ್ಯ, ಇವತ್ತು ಬ್ಯಾಂಕಿಗೆ ರಜೆ. ಡೈರೆಕ್ಟರುಗಳ ಒಪ್ಪಿಗೆ ತೆಗೆದುಕೊಂಡೇ ಬಂದಿದ್ದೇನೆ. ಬಾಗಿಲಿಗೆ ಬೋರ್ಡು ಹಾಕಿಸ್ತೇವೆ, ಅಮ್ಮಣಿ ಹೋದದ್ದಕ್ಕೆ ಅಂತ."

ನೋಣಯ್ಯನ ಕೈಯ ಕತ್ತಿ ನಿಂತಿತು. "ಕೇಳಿದಿರಾ ಬ್ಯಾರಿಗಳೇ? ನಮ್ಮ ಅಕ್ಕನಿಗೆ ಬ್ಯಾಂಕೇ ರಜೆ. ಇದು ಗವರ್ನರ್ ಸತ್ತರೆ ಕೊಡುವ ಮರ್ಯಾದೆ."

"ಗವರ್ನರ್ ಸತ್ತರೆ ನಾನು ಅಂಗಡಿ ಮುಚ್ಚುವುದಿಲ್ಲ ಮಾರಾಯ," ಎಂದರು ಯೂಸುಫ್. "ಇವತ್ತು ಮುಚ್ಚಿ ಬಂದಿದ್ದೇನೆ ನೋಡು."

ತಡಿಕೆಯ ಹಿಂದಿನಿಂದ ಕುಶಲಾ ಬಂದು ನಿಂತದ್ದನ್ನು ಯಾರೂ ಗಮನಿಸಿರಲಿಲ್ಲ. ಸೆರಗು ಒದ್ದೆ, ಕೈಯಲ್ಲಿ ಇನ್ನೂ ನಾರು.

"ರಾಯ್ರೆ, ಹಿಂಬಾಗಿಲು ಕೂಡ ಮುಚ್ಚುವುದಾ?"

"ಎಲ್ಲ ಬಾಗಿಲೂ ಮಗಾ. ಮರ್ಯಾದೆಯಲ್ಲಿ ಅರ್ಧ ಅಂತ ಉಂಟಾ?"

"ಇವತ್ತು ಶನಿವಾರ."

ಅಷ್ಟೇ ಹೇಳಿದಳು. ರಾಯರ ಮುಖ ಸಣ್ಣದಾಯಿತು. ವಿಲ್ಲಿ ಬೈಸಿಕಲ್ಲಿನ ಗಂಟೆಯನ್ನು ಸುಮ್ಮನೆ ತಿರುಗಿಸಿದ.

ಶನಿವಾರ ಎಂದರೆ ಕೊಟ್ಟಾರದ ಗೇರುಬೀಜದ ಕಾರ್ಖಾನೆಯಲ್ಲಿ ಬಟವಾಡೆ. ಸಂಜೆ ಕೂಲಿ ಕೈಗೆ ಬಿದ್ದ ಹೆಂಗಸರು, ಗಂಡಂದಿರು ಕಳ್ಳಿನ ಗಡಂಗಿನ ದಾರಿಯಲ್ಲಿ ಅಡ್ಡಗಟ್ಟುವ ಮೊದಲು, ಓಡೋಡಿ ಬರುವುದು ಆ ಜಗಲಿಗೆ. ಮತ್ತೆ, ಈಗ ಹದಿನೈದು ದಿನದಿಂದ ಬ್ಯಾಂಕಿನ ಎದುರಿಗೇ ಮದ್ರಾಸಿನ ದೊಡ್ಡ ಬ್ಯಾಂಕು ಬಂದು ಕೂತಿತ್ತು. ವಿದ್ಯುತ್ ಫ್ಯಾನು, ಹಿತ್ತಾಳೆಯ ಸರಳು, ಬಾಗಿಲಲ್ಲಿ ಮುಂಡಾಸಿನ ದರವಾನ. ಅದೂ ಸಾಲದು ಅಂತ ಅವರು ಅಮ್ಮಣಿಯ ಕೆಲಸವನ್ನೇ ನೋಡಿ ಕಲಿತು, ಹೆಂಗಸರಿಗೆಂದು ಬೆಂಚು ಹಾಕಿ, ಸಂಜೆಯೂ ತೆರೆದಿಡುತ್ತಿದ್ದರು.

"ಇವತ್ತು ಜಗಲಿ ಖಾಲಿ ಕಂಡರೆ ಪಡುಕರೆ ಮುಳುಗಿತು ಅಂತ ಕೊಟ್ಟಾರದ ವರೆಗೆ ಸುದ್ದಿ ಹೋಗ್ತದೆ," ಎಂದಳು ಕುಶಲಾ. "ಸೋಮವಾರ ನೀವು ಯಾವ ಬಾಗಿಲು ತೆರೆದೂ ಪ್ರಯೋಜನ ಇಲ್ಲ. ಬೋರ್ಡು ಓದಲಿಕ್ಕೆ ಅವರಿಗೆ ಬರ್ತದಾ?"

*

ಆ ಜಗಲಿಯಲ್ಲಿ ಮೊದಲು ಸೌದೆ ಒಟ್ಟಿರುತ್ತಿತ್ತು.

ಹದಿನೈದು ವರ್ಷದ ಹಿಂದೆ, ಜಿಲ್ಲೆಯಲ್ಲಿ ಬ್ಯಾಂಕುಗಳು ಮೊದಲ ಮಳೆಗೆ ನಾಯಿಕೊಡೆ ಎದ್ದ ಹಾಗೆ ಎದ್ದ ಕಾಲ. ಕಾಫಿ, ಹಂಚು, ಮರದ ವ್ಯಾಪಾರಿಗಳು ಬಡ್ಡಿ ಒಂದು ಕೂದಲು ಹೆಚ್ಚು ಕಂಡ ಕಡೆಗೆ ಹಾರಿದರು. ಪಡುಕರೆ ಬ್ಯಾಂಕಿನಲ್ಲಿ ಗುಮಾಸ್ತರು ನೊಣ ಹೊಡೆಯುತ್ತಿದ್ದರು. ಆಗಿನ್ನೂ ಎಳೆಯ ಪ್ರಾಯದ ರಾಧಾಕೃಷ್ಣ ರಾಯರಿಗೆ ಒಂದು ಯೋಚನೆ ಬಂತು: ಹಾರಲು ರೆಕ್ಕೆ ಇಲ್ಲದವರನ್ನು ಕೇಳಿದರೆ ಹೇಗೆ? ದೇವಸ್ಥಾನದ ಅರ್ಚಕರ ಮಗನಾದ ಅವರು ಮರುದಿನ ಬೆಳಿಗ್ಗೆ ಹೆಗಲ ಬೈರಾಸನ್ನು ಮೂಗಿಗೆ ಒತ್ತಿಕೊಂಡು ಮೀನಿನ ಧಕ್ಕೆಗೆ ಇಳಿದರು.

ಒಣಮೀನಿನ ಬುಟ್ಟಿಯ ಹಿಂದೆ ಕೂತಿದ್ದ ಅಮ್ಮಣಿ ಅವರ ಮಾತನ್ನು ಕೊನೆಯ ತನಕ ಕೇಳಿದಳು.

"ಮೂಗು ಮುಚ್ಚಿಕೊಂಡು ದುಡ್ಡು ಕೇಳುವವರನ್ನು ಇವತ್ತೇ ಕಂಡದ್ದು," ಎಂದಳು ಆಮೇಲೆ. "ನಮ್ಮ ದುಡ್ಡಿಗೂ ಇದೇ ವಾಸನೆ ರಾಯ್ರೆ. ಅದನ್ನು ಇಕ್ಕಳದಲ್ಲಿ ತೆಗೆದುಕೊಳ್ತೀರಾ?"

ರಾಯರು ಬೈರಾಸು ತೆಗೆದರು. ಆಚೆ ದೋಣಿಯ ಮರೆಗೆ ಹೋಗಿ ವಾಂತಿಯನ್ನೂ ಮಾಡಿದರು. ಮುಖ ತೊಳೆದು ಬಂದು ಪುನಃ ಅದೇ ಬುಟ್ಟಿಯ ಎದುರು ಕುಕ್ಕರುಗಾಲಲ್ಲಿ ಕೂತರು. ಅಮ್ಮಣಿ ಅವರಿಗೆ ಎಳನೀರು ತರಿಸಿಕೊಟ್ಟಳು. ಅಲ್ಲಿಂದ ಸ್ನೇಹ.

"ಇಲ್ಲಿ ಯಾರೂ ನಿಮ್ಮ ಕಾಗದಕ್ಕೆ ಹೆಬ್ಬೆಟ್ಟು ಒತ್ತುವವರಿಲ್ಲ," ಎಂದಳು. "ನನ್ನ ಅಪ್ಪ ಒಂದು ಸಲ ಒತ್ತಿದ್ದಕ್ಕೆ ಗದ್ದೆ ಹೋಗಿ ನಾನು ಬುಟ್ಟಿ ಹೊತ್ತದ್ದು. ದುಡ್ಡು ಹಾಕುವುದನ್ನು ಕಂಡು ಯಾರೂ ನಂಬುವುದಿಲ್ಲ. ತೆಗೆಯುವುದನ್ನು ಕಂಡರೆ ನಂಬ್ತಾರೆ."

ಆ ಮಳೆಗಾಲವಿಡೀ ಅವಳು ಬೆಳಿಗ್ಗೆ ಹೋಗಿ ಎರಡು ರೂಪಾಯಿ ಬ್ಯಾಂಕಿನಲ್ಲಿ ಇಟ್ಟಳು, ಸಂಜೆ ಇಬ್ಬರು ಮೂವರು ಹೆಂಗಸರನ್ನು ಕರೆದುಕೊಂಡು ಹೋಗಿ ವಾಪಸು ತೆಗೆದಳು. ಪ್ರತಿ ಸಲವೂ ಹೆಬ್ಬೆಟ್ಟು. ಹೊರಗೆ ಬಂದು ಶಾಯಿಯ ಬೆರಳನ್ನು ಮೇಲೆತ್ತಿ, "ಬೆರಳೂ ಉಂಟು, ಮನೆಯೂ ಉಂಟು, ಎರಡು ರೂಪಾಯಿಯೂ ಉಂಟು" ಎಂದು ತೋರಿಸಿದಳು. ಬರೆದು ಬರೆದು ಸೋತ ವಿಲ್ಲಿ ಒಂದು ದಿನ ಪೆನ್ನು ಕೆಳಗಿಟ್ಟ.

"ಬಾಯಮ್ಮ, ಇದು ಬ್ಯಾಂಕಾ, ತೊಟ್ಟಿಲಾ? ಅತ್ತ ಇತ್ತ, ಅತ್ತ ಇತ್ತ."

"ತೊಟ್ಟಿಲೇ ಪೊರ್ಬುಗಳೇ. ತೂಗದಿದ್ದರೆ ಮಗು ಮಲಗ್ತದಾ?"

ಮಗು ಮಲಗಿತು. ಮೊದಲು ಮುದ್ದು ಬಂದಳು, ಅವಳ ಹಿಂದೆ ಧಕ್ಕೆಯೇ ಬಂತು. ಅಳಿದುಳಿದ ವ್ಯಾಪಾರಿಗಳು ವಾಸನೆ ಎಂದು ಗೊಣಗಿದಾಗ ಡೈರೆಕ್ಟರುಗಳು ಹೌಹಾರಿದರು. ರಾಯರು ಹಿಂದಿನ ಸೌದೆ ಖಾಲಿ ಮಾಡಿಸಿ, ಓಣಿಯ ಕಡೆಗೆ ಬಾಗಿಲು ತೆರೆಸಿ, ಅಮ್ಮಣಿಗೆ ಒಂದು ಮಣೆ, ತಿಂಗಳಿಗೊಂದು ಸಂಬಳ ಗೊತ್ತು ಮಾಡಿದರು. ಮುಂಬಾಗಿಲಿನವರಿಗೆ ಮುಜುಗರ ಆಗಬಾರದೆಂದು ತೆರೆದ ಬಾಗಿಲು ಅದು. ಕೆಲವು ವರ್ಷ ಕಳೆಯುವಾಗ ಮುಂಬಾಗಿಲನ್ನು ಸಾಕುತ್ತಿದ್ದದ್ದೂ ಅದೇ.

*

"ಹಾಗಾದರೆ ಹಿಂಬಾಗಿಲು ತೆರೆದಿಡುವಾ," ಎಂದರು ರಾಯರು. "ವಿಲ್ಲಿ ಕೂರಲಿ."

"ಮಣೆಯ ಮೇಲಾ?" ಎಂದಳು ಮುದ್ದು. ಅವಳೂ ಕೈ ಒರೆಸಿಕೊಂಡು ಅಂಗಳಕ್ಕೆ ಬಂದಿದ್ದಳು. "ಪೊರ್ಬುಗಳು ಕೂತರೆ ಏಳಿಸಲಿಕ್ಕೆ ನಾಲ್ಕು ಜನ ಬೇಕು. ಅಲ್ಲದೆ ಕುಪ್ಪಸದ ಒಳಗಿನಿಂದ ಕಟ್ಟು ತೆಗೆಯುವಾಗ ಎದುರಿಗೆ ಗಂಡಸು ಇದ್ದರೆ ಯಾವಳು ತೆಗೀತಾಳೆ? ಬೇಡ ಪೊರ್ಬುಗಳೇ, ಬೇಜಾರು ಮಾಡಬೇಡಿ."

"ನನಗೆ ಬೇಜಾರಿಲ್ಲ," ಎಂದ ವಿಲ್ಲಿ. "ನನಗೆ ಹೆದರಿಕೆ."

"ನಾನು ಕೂರ್ತೇನೆ," ಎಂದಳು ಕುಶಲಾ.

ನೋಣಯ್ಯ ಎದ್ದು ನಿಂತ. ಮನೆಯ ಯಜಮಾನಿಕೆ ಸೋದರಮಾವನದ್ದು, ಅವನ ಮಾತು ಮೀರುವ ಹಾಗಿಲ್ಲ. "ತಲೆ ಸರಿ ಉಂಟಾ ನಿನಗೆ? ಹೆತ್ತ ಅಪ್ಪೆ ಇನ್ನೂ ಅಂಗಳ ದಾಟಲಿಲ್ಲ. ಉತ್ತರಕ್ರಿಯೆ ಮುಗಿದು ಬೊಜ್ಜದ ಊಟ ಆಗುವ ತನಕ ಸೂತಕ. ನೀನು ಹೊಸ್ತಿಲು ದಾಟಬಾರದು, ನಿನ್ನ ಕೈಯಿಂದ ಒಬ್ಬರು ನೀರು ಕೂಡ ತೆಗೆದುಕೊಳ್ಳಬಾರದು. ದುಡ್ಡು ಕೊಡ್ತಾರಾ? ಲಕ್ಷ್ಮಿಯನ್ನು?"

"ಕೊಡದಿದ್ದರೆ ಎದ್ದು ಬರ್ತೇನೆ ಮಾವ. ಆದರೆ ಜಗಲಿ ಖಾಲಿ ಇರಬಾರದು. ಆ ಗಲಾಟೆಯ ದಿನ ಅಪ್ಪೆ ಎಂತ ಮಾಡಿದ್ದು, ನೆನಪಿಲ್ಲವಾ?"

ನೆನಪಿಲ್ಲ ಎಂದು ಹೇಳುವ ಹಾಗಿರಲಿಲ್ಲ. ಆ ದಿನ ಅಕ್ಕನನ್ನು ಎತ್ತಿಕೊಂಡು ಹೋಗಿ ಕೂರಿಸಿದವನು ನೋಣಯ್ಯನೇ.

*

ಯುದ್ಧಕ್ಕೆ ಮುಂಚಿನ ಮಾತು. ತೆಂಕಣದ ಒಂದು ದೊಡ್ಡ ಬ್ಯಾಂಕು ಬಾಗಿಲು ಹಾಕಿತು ಎನ್ನುವ ಸುದ್ದಿ ರೈಲಿನಲ್ಲಿ ಬಂದು ಮಂಗಳೂರಿನ ಸ್ಟೇಷನ್ನಿನಲ್ಲಿ ಇಳಿಯಿತು. ಮಧ್ಯಾಹ್ನದ ಒಳಗೆ ಊರಿನ ಎಲ್ಲ ಬ್ಯಾಂಕುಗಳ ಎದುರೂ ಕೊಡೆಗಳ ಸಾಲು. ಪಡುಕರೆಯ ಮುಂಬಾಗಿಲಿನಲ್ಲಿ ನ್ಯಾಯವಾದಿಗಳು, ಹೆಡ್‌ಮಾಸ್ತರರು, ಹಂಚಿನ ಕಾರ್ಖಾನೆಯ ಮೇಸ್ತ್ರಿಗಳು, ಮುಂದಿನವರ ಹೆಗಲಿಗೆ ಗಲ್ಲ ಊರಿ ನಿಂತಿದ್ದರು. ನಡುವೆ ಯೂಸುಫ್ ಬ್ಯಾರಿಯೂ ಇದ್ದರು.

ಅಮ್ಮಣಿಗೆ ಆ ದಿನ ಚಳಿಜ್ವರ. ಕಂಬಳಿ ಹೊದ್ದು ಒಲೆಯ ಬುಡದಲ್ಲಿ ಮಲಗಿದ್ದವಳು ಸುದ್ದಿ ಕೇಳಿ ತಮ್ಮನನ್ನು ಕರೆದಳು. ಗಾಡಿ ಸಿಗಲಿಲ್ಲ. ನೋಣಯ್ಯ ಹೆಗಲು ಕೊಟ್ಟು, ಕೊನೆಗೆ ಎತ್ತಿಕೊಂಡೇ ಓಣಿ ಹಿಡಿದ.

ಅವಳು ಜಗಲಿಯಲ್ಲಿ ಎಂತದೂ ಮಾಡಲಿಲ್ಲ. ಗೋಡೆಗೆ ಒರಗಿ ಕೂತಳು. ಕುಶಲಾ ತಂದ ಗಂಜಿಯನ್ನು ಎಲ್ಲರಿಗೂ ಕಾಣುವ ಹಾಗೆ ಉಂಡಳು. ವೀಳ್ಯದೆಲೆ ಮಡಚಿ ಬಾಯಿಗೆ ಹಾಕಿದಳು. ಧಕ್ಕೆಯಿಂದ, ಕಾರ್ಖಾನೆಯಿಂದ ಓಡಿ ಬಂದ ಹೆಂಗಸರು ಓಣಿಯ ತಿರುವಿನಲ್ಲಿ ನಿಂತು ಇಣುಕಿದರು.

"ಅಮ್ಮಣಿಯಕ್ಕ ಕೂತಿದ್ದಾರಾ?"

"ಕೂತಿದ್ದಾರೆ. ಎಲೆ ತಿಂತಾ ಇದ್ದಾರೆ."

"ಹಾಗಾದರೆ ನಡಿ. ಕೆಲಸ ಬಾಕಿ ಉಂಟು."

ಹಿಂಬಾಗಿಲಿನವರು ಕೇಳದೆ ಬಿಟ್ಟ ದುಡ್ಡಿನಿಂದಲೇ ರಾಯರು ಮುಂಬಾಗಿಲಿನ ಸಾಲಿಗೆ ಕೊಡುತ್ತಾ ಹೋದರು. ಸಾಲಿನಲ್ಲಿದ್ದ ಯೂಸುಫ್ ಬ್ಯಾರಿಗೆ ನಡುವಿನ ತೆರೆದ ಕೋಣೆಯ ಮೂಲಕ ಆ ಕಂಬಳಿಯ ಮುದ್ದೆ ಕಂಡಿತು. ಅವರು ಸ್ವಲ್ಪ ಹೊತ್ತು ನೋಡಿದರು, ಕೊಡೆ ಮಡಚಿದರು, ಅಂಗಡಿಗೆ ಹೋದರು. ಅವರ ಹಿಂದೆ ನಿಂತವರಲ್ಲಿ ಕೆಲವರು ಬ್ಯಾರಿಗಳೇ ಹೋದ ಮೇಲೆ ನಮಗೆಂತ ಎಂದು ಚದುರಿದರು. ಸಂಜೆಯಾಗುವಾಗ ಊರಿನ ಎರಡು ಸಣ್ಣ ಬ್ಯಾಂಕುಗಳ ಬಾಗಿಲಿಗೆ ಬೀಗ ಬಿದ್ದಿತ್ತು. ಪಡುಕರೆಯದ್ದು ತೆರೆದೇ ಇತ್ತು.

*

"ಅದೆಲ್ಲ ಸರಿ," ಎಂದ ನೋಣಯ್ಯ. ಬಿದಿರಿನ ಗಂಟನ್ನು ಸವರುತ್ತಿದ್ದ. "ಹೋಗು ಅಂತ ನನ್ನ ಬಾಯಿಂದ ಬರುವುದಿಲ್ಲ ಮಗಾ. ನಾಳೆ ಜಾತಿಯವರಿಗೆ ಉತ್ತರ ಹೇಳಬೇಕಾದವನು ನಾನು."

ಕುಶಲಾ ತಲೆ ತಗ್ಗಿಸಿದಳು.

"ಸಾಯಂಕಾಲ ನಾನು ಬೋಳೂರಿನಲ್ಲಿ, ಚಿತೆಯ ಹತ್ತಿರ ಇರ್ತೇನೆ," ಎಂದ ಅವನು, ಬಿದಿರಿಗೆ ಹೇಳುವ ಹಾಗೆ. "ಬೂದಿ ತಣಿಯುವ ತನಕ ಕದಲುವ ಹಾಗಿಲ್ಲ. ಅಲ್ಲಿಗೆ ಈ ಹೊಸ್ತಿಲು ಕಾಣುವುದಿಲ್ಲ."

ಯೂಸುಫ್ ಬ್ಯಾರಿ ಎದ್ದು ಅವನ ಬೆನ್ನಿಗೆ ಒಂದು ತಟ್ಟಿದರು.

ಮಧ್ಯಾಹ್ನ ದಾಟಿ ಚಟ್ಟ ಎದ್ದಿತು. ಹೆಂಗಸರು ಬೇಲಿಯ ತನಕ ಹೋಗಿ ನಿಂತರು. ಅಲ್ಲಿಂದ ಮುಂದಿನದ್ದು ಗಂಡಸರ ದಾರಿ. ಧಕ್ಕೆಯ ಹುಡುಗರು ಹೊತ್ತಿದ್ದರು, ಅವರ ನಡಿಗೆಗೆ ಅಮ್ಮಣಿ ಬುಟ್ಟಿ ಹೊತ್ತವಳ ಹಾಗೆಯೇ ತೂಗುತ್ತಾ ಹೋದಳು. ಚಟ್ಟ ಕಣ್ಮರೆಯಾದ ಮೇಲೆ ಕುಶಲಾ ಬಾವಿಕಟ್ಟೆಗೆ ಹೋಗಿ ತಲೆಗೆ ನೀರು ಹೊಯ್ದುಕೊಂಡಳು. ಮುದ್ದು ಮಾತ್ರ ಕೊಡ ಮುಟ್ಟಲಿಲ್ಲ.

"ನೀವು ಮೀಯುವುದಿಲ್ಲವಾ ಮುದ್ದಕ್ಕ?"

"ಆಮೇಲೆ. ನೀನು ನಡಿ."

*

ಕಾರ್ಖಾನೆಯ ಹೆಂಗಸರು ಬಂದರು. ಬಂದವರು ಓಣಿಯಲ್ಲೇ ನಿಂತರು.

ಕುಶಲಾ ಮಣೆಯ ಮೇಲೆ ಕೂತಿದ್ದಳು. ಬಿಚ್ಚಿದ ಕೂದಲು, ಕುಂಕುಮವಿಲ್ಲದ ಹಣೆ. ಸೂತಕದವಳೆಂದು ಯಾರೂ ಬಾಯಿಬಿಟ್ಟು ಹೇಳುವುದು ಬೇಕಿರಲಿಲ್ಲ. ಹಿಂದಿನ ಕಿಟಕಿಯಲ್ಲಿ ವಿಲ್ಲಿ ಪೆನ್ನು ಹಿಡಿದು ಕಾಯುತ್ತಿದ್ದ. ಅವನ ಹಿಂದೆ ಕತ್ತಲಲ್ಲಿ ರಾಯರು.

ಸಾಲಿನ ಮುಂದೆ ಇದ್ದವಳು ಜಯ. ಹರೆಯದ ಹುಡುಗಿ, ಕಾರ್ಖಾನೆ ಸೇರಿ ಇನ್ನೂ ವರ್ಷ ಆಗಿರಲಿಲ್ಲ. ಗೇರೆಣ್ಣೆ ತಾಗಿ ಬೆರಳುಗಳು ಕಪ್ಪು. ಸೆರಗಿನ ಗಂಟನ್ನು ಅರ್ಧ ಬಿಚ್ಚಿ ನಿಂತುಬಿಟ್ಟಳು.

"ಬ್ಯಾಂಕು ಹೋಗಲಿಲ್ಲ ಅಲ್ಲವಾ?" ಎಂದು ದೂರದಿಂದಲೇ ಕೇಳಿದಳು.

"ಹೋದದ್ದು ಅಮ್ಮ ಮಾತ್ರ. ಬ್ಯಾಂಕು ಉಂಟು."

"ನನಗೆ ಕೊಡಲಿಕ್ಕೆ ಮನಸ್ಸು ಉಂಟು ಕುಶಲಕ್ಕ. ಆದರೆ ಅತ್ತೆ... ಸೂತಕದ ಕೈಗೆ ವಾರದ ಕೂಲಿ ಕೊಟ್ಟೆ ಅಂದರೆ ಮನೆಯ ಒಳಗೆ ಬಿಡಲಿಕ್ಕಿಲ್ಲ."

ಹಿಂದಿನಿಂದ ಯಾರೋ ಹೇಳಿದರು: "ಎದುರಿನವರು ತೆರೆದಿದ್ದಾರಂತೆ. ಬೆಂಚು ಕೂಡ ಉಂಟು." ಸಾಲಿನ ಬಾಲ ಓಣಿಯ ತಿರುವಿನ ಕಡೆಗೆ ಸ್ವಲ್ಪ ಬಾಗಿತು. ಒಬ್ಬಳು ಹೋದಳು. ಇನ್ನಿಬ್ಬರು ಅವಳ ಬೆನ್ನನ್ನೇ ನೋಡಿದರು. ಕುಶಲಾ ಮಣೆಯ ಅಂಚು ಹಿಡಿದುಕೊಂಡಳು, ಏಳಲಿಲ್ಲ.

ಆಗ ಓಣಿಯ ಇನ್ನೊಂದು ತುದಿಯಿಂದ ಮುದ್ದು ಬಂದಳು. ಬೆಳಿಗ್ಗೆ ಹೆಣಕ್ಕೆ ನೀರು ಹೊಯ್ದ ಅದೇ ಸೀರೆ, ಅದೇ ಕೊಳೆ. ಹಿಂದೆ ಧಕ್ಕೆಯ ಏಳೆಂಟು ಹೆಂಗಸರು, ಒಬ್ಬಳ ತಲೆಯೂ ಒದ್ದೆಯಾಗಿರಲಿಲ್ಲ. ಅವಳು ಸಾಲನ್ನು ದಾಟಿ ನೇರ ಜಗಲಿಗೆ ಬಂದು, ಕುಪ್ಪಸದ ಒಳಗಿಂದ ಕಟ್ಟು ತೆಗೆದು, ಕುಶಲಳ ಅಂಗೈಯಲ್ಲಿ ಇಟ್ಟಳು.

"ಅಯ್ಯೋ, ಮುದ್ದಕ್ಕ," ಎಂದಳು ಜಯ.

"ಎಂತ ಅಯ್ಯೋ? ನಾನು ಅಮ್ಮಣಿಯ ಮೈ ತೊಳೆದವಳು, ಇನ್ನೂ ಮಿಂದಿಲ್ಲ. ಬೇಕೆಂದೇ ಮಿಂದಿಲ್ಲ. ಇವಳಿಗೆ ಬೊಜ್ಜದ ತನಕದ ಸೂತಕ, ನನಗೆ ಒಂದು ಮುಳುಕಿನದ್ದು. ಮುಳುಕು ಹಾಕುವ ತನಕ ಎರಡೂ ಒಂದೇ. ಮುಟ್ಟಿದವಳಿಗೆ ಮುಟ್ಟಿದವಳ ಕೈ ಎಂತ ದೋಷ?"

"ನಿಮಗೆ ಸರಿ. ನಾನು ಮುಟ್ಟಲಿಲ್ಲವಲ್ಲ."

ಮುದ್ದು ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಕೈ ಚಾಚಿ ಆ ಹುಡುಗಿಯ ಕೆನ್ನೆಗೆ ಅಂಗೈ ಇಟ್ಟಳು, ಮಗುವಿನ ಕೆನ್ನೆಗೆ ಇಟ್ಟ ಹಾಗೆ.

"ಈಗ ಮುಟ್ಟಿ ಆಯಿತು. ಕೈಯೆಲ್ಲ ಗೇರೆಣ್ಣೆ, ಹೇಗೂ ಮಿಂದೇ ಉಣ್ಣುವವಳು ನೀನು. ನಿನ್ನ ಅತ್ತೆಗೆ ಹೇಳು, ಅಮ್ಮಣಿಯಕ್ಕನ ಸಾವಿಗೆ ಹೋಗಿ ಬಂದೆ ಅಂತ. ಸುಳ್ಳಾ ಅದು?"

ಜಯಳಿಗೆ ನಗು ಬಂತು, ನಗುವಿನ ಜೊತೆಯಲ್ಲೇ ಅಳುವೂ. ಗಂಟು ಬಿಚ್ಚಿ ಕೂಲಿಯನ್ನು ಕುಶಲಳ ಕೈಗೆ ಸುರಿದಳು. ಆಮೇಲೆ ಯಾರೂ ಹೇಳದೆ, ತಿರುಗಿ ತನ್ನ ಹಿಂದಿನವಳ ತೋಳು ಮುಟ್ಟಿದಳು.

"ನೀನೂ ಸಾವಿಗೆ ಬಂದ ಹಾಗೆ."

ಅವಳು ಅವಳ ಹಿಂದಿನವಳ ಹೆಗಲು ಮುಟ್ಟಿದಳು. ಆ ಹೆಗಲಿನವಳು ಇನ್ನೊಬ್ಬಳ ಜಡೆ ಎಳೆದಳು. ಸಾಲಿನಲ್ಲಿ ನಗು ಓಡಿತು, ಬೈಗುಳ ಓಡಿತು, "ಮೆಲ್ಲಗೆ ಮಾರಾಯ್ತಿ" ಎಂದು ಯಾರೋ ಕೂಗಿದರು. ವಿಲ್ಲಿಯ ಪೆನ್ನು ಪುರುಸೊತ್ತಿಲ್ಲದೆ ಓಡತೊಡಗಿತು.

ರಾಯರು ಒಳಗಿನಿಂದ ಜಗಲಿಗೆ ಬಂದರು. ಜರಿಯ ಶಾಲು ಇರಲಿಲ್ಲ, ಕೋಟಿನ ತೋಳು ಮಡಚಿದ್ದರು. ಕುಶಲಳಿಂದ ವಿಲ್ಲಿಗೆ ದುಡ್ಡು ದಾಟಿಸಲು ಇನ್ನೊಂದು ಕೈ ಬೇಕಾಗಿತ್ತು. ಅವರು ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತು ಅಂಗೈ ಚಾಚಿದರು.

ಸಾಲಿನವರೆಲ್ಲ ಕತ್ತು ಉದ್ದ ಮಾಡಿ ಇಣುಕಿದರು.

"ಕೊಡು ಮಗಾ," ಎಂದರು ರಾಯರು. "ನನಗೂ ಸಂಜೆ ಸ್ನಾನ ಉಂಟು."

ಕುಶಲಾ ಕೊಟ್ಟಳು.

ಓಣಿಯಲ್ಲಿ ಹಿಡಿಸದೆ ಸಾಲು ತಿರುವು ದಾಟಿ ಬಂದರು ರಸ್ತೆಗೆ ಹೊರಳಿತ್ತು. ಎದುರು ಬ್ಯಾಂಕಿನ ದರವಾನ ಬೀಡಿ ಹಚ್ಚುವುದನ್ನು ಮರೆತು ನೋಡುತ್ತಿದ್ದ. ಅವನ ಬೆನ್ನ ಹಿಂದೆ, ಫ್ಯಾನಿನ ಗಾಳಿಯ ಬಾಗಿಲಿನಿಂದ, ಆಗ ಹೋಗಿದ್ದ ಹೆಂಗಸು ಕೂಲಿಯ ಗಂಟನ್ನು ಮುಷ್ಟಿಯಲ್ಲೇ ಹಿಡಿದು ಹೊರಗೆ ಬಂದಳು. ಸಾಲಿನ ಕೊನೆಯವಳು ರಸ್ತೆಯ ನಡುವೆ ನಿಂತು ಅವಳನ್ನೂ ಮುಟ್ಟಲೆಂದು ಕೈ ಚಾಚಿದ್ದಳು, ಇವಳು ಮೆಟ್ಟಿಲು ಇಳಿಯುತ್ತಾ ತನ್ನದನ್ನೂ ಮುಂದೆ ಚಾಚಿದಳು.